ಊಟೆಪಾರೆಯ ನೀರು ಕುಡಿದ ರೈಲು

ಮೊನ್ನೆ ಚೆಟ್ಟಳ್ಳಿಯ ಕುಲುಮೆಯೊಂದರಲ್ಲಿ ಕತ್ತಿಗಳನ್ನು ಕಾಯಿಸಿ ನೀರಿಗೆ ಅದ್ದುತ್ತಿದ್ದರು. ಕಲ್ಲಿದ್ದಲ ಹೊಗೆ, ಕಾದ ಕಬ್ಬಿಣ, ಆವಿ... ಆ ವಾಸನೆ ತಾಗಿದ್ದೇ ತಡ, ಪಾಟಿ ನೆನಪಾದಳು. ತನ್ನೂರಿನ ಗಾಳಿ ಹೀಗೇ ಇರುತ್ತಿತ್ತೆಂದು ಆಕೆ ಹೇಳುತ್ತಿದ್ದಳು.

ಪಾಟಿಯೆಂದರೆ ತಮಿಳಿನಲ್ಲಿ ಅಜ್ಜಿ; ಆಕೆ ನಮ್ಮ ಕಾಫಿ ಎಸ್ಟೇಟಿನ ಆಯಾ. ತಾಯಂದಿರು ಕಾಫಿ ಹಣ್ಣಿನ ಪಿಕ್ಕಿಂಗ್‌ಗೆ ಹೋದಾಗ ಆಳುಗಳ ಲೈನ್‌ಮನೆಗಳ ಮಕ್ಕಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು. ಆಳುಗಳನ್ನು ನಡೆಸುವ ಮೇಸ್ತ್ರಿಯ ಮಗಳಾದ ನಾನೂ ಅವಳ ಮಡಿಲಲ್ಲೇ ಬೆಳೆದೆ. ಆಕೆ ಹುಟ್ಟಿದ್ದು ಗಡಿಯಾಚೆ, ತಮಿಳು ಸೀಮೆಯಲ್ಲಿ, ಬೆಟ್ಟದ ರೈಲಿನ ಪುಟ್ಟ ನಿಲ್ದಾಣವೊಂದಕ್ಕೆ ಅಂಟಿಕೊಂಡಿದ್ದ ಊಟೆಪಾರೆಯಲ್ಲಿ. ಊಟೆಯೆಂದರೆ ಒರತೆ, ಪಾರೆಯೆಂದರೆ ಹಾಸುಬಂಡೆ.

ಕೊಡಗಿಗೆ ಇಂದಿಗೂ ರೈಲಿಲ್ಲ. ನಮ್ಮ ಪಾಲಿಗೆ ರೈಲೆಂದರೆ ಪಾಟಿ ಆಡಿಸುತ್ತಿದ್ದ ಆಟವೊಂದೇ. ಎಲ್ಲರಿಗಿಂತ ದೊಡ್ಡ ಮಗು ಕೊನೆಯಲ್ಲಿ ನಿಂತು ಸಾಲನ್ನು ತಳ್ಳಬೇಕು. ತೀರ ಚಿಕ್ಕದು ಮುಂದೆ ನಿಂತು ಕಾಫಿ ಎಲೆಯನ್ನು ಬಾವುಟದಂತೆ ಬೀಸಬೇಕು. ಹೀಗಾಗಿ ಸ್ಲೇಟಿನ ಮೇಲೆ ನಾವು ಬಿಡಿಸಿದ ರೈಲುಗಳಿಗೆಲ್ಲ ಎಂಜಿನ್ ಹಿಂದೆಯೇ ಇರುತ್ತಿತ್ತು.

"ಇದೆಂಥ ಪಾಟಿ, ಗಾಡಿಯ ಹಿಂದೆ ಎತ್ತು ಕಟ್ಟಿದ ಹಾಗೆ!" ಎಂದು ಅಪ್ಪ ನಕ್ಕಿದ್ದರು.

"ನೀವು ಆಳುಗಳ ಹಿಂದೆ ನಿಂತುಕೊಂಡೇ ಅಲ್ವಾ ಮೇಸ್ತ್ರಿ ತಳ್ಳೋದು? ಹಂಗೇ!" ಎಂದಳು ಪಾಟಿ.

ಆ ಕಡಿದಾದ ಏರಿನಲ್ಲಿ ಎಂಜಿನ್ ಹಿಂದಿನಿಂದಲೇ ತಳ್ಳುತ್ತದೆ. ಚಾಲಕನಿಗೆ ದಾರಿ ಕಾಣುವುದಿಲ್ಲ. ಮೊದಲ ಬೋಗಿಯ ಮುಂದೆ ನಿಂತವನು ಬಾವುಟ ತೋರಿಸಿದರಷ್ಟೇ ರೈಲು ಮುಂದಕ್ಕೆ ಚಲಿಸುತ್ತದೆ. ಪಾಟಿಯ ಅಪ್ಪ ಹಾಗೆ ನಿಲ್ಲುತ್ತಿದ್ದವನು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಎಂಜಿನ್ನಿಗೆ ಬಾಯಾರುತ್ತಿತ್ತು. ಊಟೆಪಾರೆಯ ಒರತೆ ಬೇಸಿಗೆಯಲ್ಲೂ ಬತ್ತದೆಂದು ತಿಳಿದದ್ದರಿಂದಲೇ ಅಲ್ಲಿ ನಿಲ್ದಾಣ ಕಟ್ಟಿದರು. ಒರತೆಗೆ ಕೊಳವೆ ಬಂತು. ಎಂಜಿನ್ ಕುಡಿದು ಮಿಕ್ಕಿದ್ದು ಊರಿಗೆ ಸಿಕ್ಕಿತು. ಮುಂದೊಂದು ಮಳೆಗಾಲದಲ್ಲಿ ಗುಡ್ಡ ಜರಿದಾಗ, ಮೇಲೆ ಮನೆಗಳಿದ್ದರೆ ಹಳಿಗೆ ಅಪಾಯವೆಂದು ಊರನ್ನೇ ಎಬ್ಬಿಸಿದರು. ಜನ ಕಾಫಿ, ಟೀ ತೋಟಗಳಿಗೆ ಚದುರಿಹೋದರು. ಪಾಟಿ ಕೊಡಗಿಗೆ ಬಂದದ್ದು ಹಾಗೆ...

ಎಂ.ಎ. ಓದುತ್ತಿದ್ದಾಗ ನಾನೇ ಅವಳನ್ನು ಅಲ್ಲಿಗೆ ಕರೆದೊಯ್ದೆ. ಹಳಿಗಳ ನಡುವಿನ ಉಕ್ಕಿನ ಹಲ್ಲುಗಳನ್ನು ಕಚ್ಚಿ ಕಚ್ಚಿ ರೈಲು ಏರುವಾಗ ನನ್ನ ಕಾಲಡಿಯ ಹಲಗೆ ನಡುಗುತ್ತಿತ್ತು. ಒಂದು ಬದಿಗೆ ಪ್ರಪಾತ, ಇನ್ನೊಂದು ಬದಿಗೆ ಕೈಗೆಟುಕುವ ಬಂಡೆ. ಮನುಷ್ಯರು ಇದನ್ನು ಕಟ್ಟಿದರೇ ಎಂದು ನಾನು ಬೆರಗಾದೆ. ಪಾಟಿ ಮಾತ್ರ ಪ್ರತಿ ತಿರುವನ್ನೂ ನೆಂಟರ ಮನೆಯಂತೆ ಗುರುತಿಸುತ್ತಿದ್ದಳು.

ನಿಲ್ದಾಣ ಈಗ ಪಾರಂಪರಿಕ ತಾಣ. ಚರಿತ್ರೆ ಹೇಳುವ ದೊಡ್ಡ ಹಲಗೆಯೊಂದನ್ನು ನೆಟ್ಟಿದ್ದರು. ಸೇತುವೆಗಳ ಉದ್ದ, ಎಂಜಿನಿಯರುಗಳ ಹೆಸರು, ಕೊನೆಗೊಂದು ವಾಕ್ಯ: ರೈಲು ಬರುವ ಮುನ್ನ ಇಲ್ಲಿ ಜನವಸತಿ ಇರಲಿಲ್ಲ. ಓದು ಬಾರದ ಪಾಟಿಗೆ ಅದನ್ನು ಓದಿ ಹೇಳಿದೆ.

"ಹಂಗಾದ್ರೆ ನಮ್ಮಜ್ಜಿ ಯಾರು ನನ್ನ ಕಣ್ಣೇ, ದೆವ್ವವಾ?"

ನಾನು ಸ್ಟೇಷನ್ ಮಾಸ್ಟರರ ಮೇಲೆ ಹರಿಹಾಯ್ದೆ. "ಬೋರ್ಡ್ ಬರೆಸಿದ್ದು ಮೇಲಿನವರು ಮೇಡಂ. ರೈಲಿಗೆ ಮೊದಲೇ ಇಲ್ಲಿ ಊರಿತ್ತು ಅನ್ನೋಕೆ ಏನಾದ್ರೂ ಗುರುತು ಬೇಕಲ್ಲ?" ಎಂದರು ಅವರು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ.

ಅಷ್ಟರಲ್ಲಿ ಪಾಟಿ ನೀರಿನ ತೊಟ್ಟಿಯ ಹಿಂದಿನ ಹಾಸುಬಂಡೆಯನ್ನು ಹತ್ತಿ, ಮಂಡಿಯೂರಿ, ಕೊಳೆತ ಎಲೆಗಳನ್ನು ಬಾಚಿ ತೆಗೆಯುತ್ತಿದ್ದಳು. ಬಂಡೆಯಲ್ಲಿ ದುಂಡನೆಯ ಗುಳಿಗಳು ಒಂದೊಂದಾಗಿ ಕಣ್ಣು ಬಿಟ್ಟವು. ಊರ ಹೆಂಗಸರು ಒಟ್ಟಾಗಿ ರಾಗಿ ಕುಟ್ಟುತ್ತಿದ್ದ ಒರಳುಗಳವು.

"ಇಲ್ಲಿ ಬಾ ಸಾರ್, ಕೈ ಹಾಕು! ನಮ್ಮಜ್ಜಿ, ಅವಳಜ್ಜಿ, ಎಲ್ಲಾ ಕುಟ್ಟಿದ್ದು. ನಿನ್ನ ರೈಲು ಬಂದ ಮೇಲೆ ಇಷ್ಟು ಸವೀತದಾ?"

ಅವರು ಕೈ ಇಳಿಸಿದರು. ಮೊಣಕೈವರೆಗೂ ಮುಳುಗಿತು. ರೈಲಿನಿಂದಿಳಿದ ಪ್ರವಾಸಿಗರು ಕ್ಯಾಮೆರಾ ಕೆಳಗಿಳಿಸಿ ಬಂಡೆಯ ಬಳಿಗೆ ಬಂದರು. ರೈಲಿನ ಸುರಂಗಗಳಿಗಾಗಿ ಬೆಟ್ಟವನ್ನು ಮದ್ದಿಟ್ಟು ಸೀಳಿದ್ದರು. ಈ ಬಂಡೆಯನ್ನು ಒನಕೆಗಳು ಕೊರೆದಿದ್ದವು. ಅಂದು ನನ್ನ ಬೆರಗು ರೈಲಿನಿಂದ ಬಂಡೆಗೆ ದಾಟಿತು. "ಮೇಲಕ್ಕೆ ತಿಳಿಸ್ತೇನಮ್ಮಾ" ಎಂದರು ಮಾಸ್ಟರ್, ತೋಳು ಒರೆಸಿಕೊಳ್ಳದೆ.

ತಿಳಿಸಿದರೋ ಇಲ್ಲವೋ... ಹಲಗೆಗೆ ಈಚೆಗೆ ಹೊಸ ಬಣ್ಣ ಬಳಿದಿದ್ದಾರೆ. ವಾಕ್ಯ ಹಾಗೆಯೇ ಇದೆ. ಅದನ್ನು ಬರೆದವರು ಯಾರು, ಯಾರನ್ನು ಕೇಳಿ ಬರೆದರು? ಊರಿನ ನೀರು ಕುಡಿದವರಿಗೆ ಊರು ಕಾಣಲಿಲ್ಲವೆಂದರೆ ನಾನು ಹೇಗೆ ನಂಬಲಿ? ಉತ್ತರ ಕೊಡುವ ಹೊಣೆ ಅವರದು. ಉತ್ತರ ಬರುವವರೆಗೆ ನಾನು ಕೇಳುತ್ತಲೇ ಇರುತ್ತೇನೆ.

ಕಳೆದ ಮಳೆಗಾಲದಲ್ಲಿ ಪಾಟಿ ತೀರಿಕೊಂಡಳು. ಮಣ್ಣು ಮಾಡುವಾಗ, ಕಾರ್ಯ ನಡೆಸುತ್ತಿದ್ದ ಹಿರಿಯರು ಪದ್ಧತಿಯಂತೆ ಕೇಳಿದರು: "ಇವಳಿಗೆ ಯಾವ ಊರು?" ನಾನು ಬಾಯಿ ತೆರೆಯುವ ಮೊದಲೇ, ಅವಳು ತೂಗಿದ ತೊಟ್ಟಿಲಲ್ಲಿ ಬೆಳೆದ ಪಿಕ್ಕಿಂಗಿನ ಹೆಂಗಸರು ಹೇಳಿದರು: "ಊಟೆಪಾರೆ."

ಅವರಲ್ಲಿ ಒಬ್ಬರೂ ಆ ಊರನ್ನು ಕಂಡವರಲ್ಲ. ಕಂಡಿದ್ದವಳು ಒಬ್ಬಳಿದ್ದಳು, ಅವಳನ್ನೀಗ ಮಣ್ಣಿಗೆ ಇಳಿಸುತ್ತಿದ್ದರು.