ಕೆಂಪು ಟವೆಲ್ಲಿನ ಗುರುತು

ಕುರಿ ಕಾಯುವವನು ಕುರಿ ಎಣಿಸಬಾರದು, ಎಣಿಸಿದರೆ ಮಂದೆ ಸವೆಯುತ್ತದೆ. ಜಗಳೂರು ಸೀಮೆಯ ಯರ್ರಿಸ್ವಾಮಿಗೆ ಅವನಪ್ಪ ಹೇಳಿಕೊಟ್ಟ ಮೊದಲ ಪಾಠ ಇದು. ಮೂವತ್ತು ವರ್ಷ ಅವನು ಎಣಿಸಲಿಲ್ಲ. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು, ಬೆನ್ನಿನ ಬಣ್ಣದ ಗುರುತು ನೋಡುತ್ತ ಒಮ್ಮೆ ಕಣ್ಣಾಡಿಸಿದರೆ ಸಾಕು, ಇಲ್ಲದ ಕುರಿ ಯಾವುದೆಂದು ಹೇಳುತ್ತಿದ್ದ. ಒಂದನ್ನೂ ಕಳೆದವನಲ್ಲ.

ಅದಕ್ಕೇ ತಂಗಿ ಕಾಟಮ್ಮ, ತನ್ನ ಮಗ ಕೆಂಚೇಶ್ ಸೂಡಾನಿನ ಟೈಲ್ಸ್ ಕಾರ್ಖಾನೆಗೆ ಹೊರಟಾಗ ಅಣ್ಣನ ಬೆನ್ನು ಬಿದ್ದಳು.

“ನೀನೂ ಹೋಗಣ್ಣಾ. ಅವನೊಬ್ನೇ ಆದ್ರೆ ನಾ ಕಳ್ಸಾಕಿಲ್ಲ.”

“ಐವತ್ತು ದಾಟಿದೋನು, ಅಲ್ಲಿಗೋಗಿ ಏನ್ ಮಾಡ್ಲವ್ವ?”

“ಇಲ್ಲೇನ್ ಮಾಡ್ತೀಯೋ ಅದೇ. ಕಾಯಿ.”

ಹೋದ. ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೂತ.

ಎರಡನೇ ವರ್ಷ ಆ ದೇಶದ ಪಡೆಗಳು ತಮ್ಮತಮ್ಮಲ್ಲೇ ಬಡಿದಾಡಿಕೊಂಡವು. ಹತ್ತು ದಿನ ನೆಲಮಾಳಿಗೆಯಲ್ಲಿ ಒಣರೊಟ್ಟಿ ತಿಂದರು. ಹನ್ನೊಂದನೇ ದಿನ ನಮ್ಮವರನ್ನು ಬಂದರಿಗೆ ಕರೆದೊಯ್ಯಲು ಬಸ್ಸು ಬಂತು. ಚನ್ನಗಿರಿಯವರು, ಹೊನ್ನಾಳಿಯವರು, ಇನ್ನೂ ಯಾರ್ಯಾರೋ, ಒಟ್ಟು ನಲವತ್ತೆರಡು ಜನ. ಧೂಳಿಗೆ ಎಲ್ಲರ ಮುಖಕ್ಕೂ ಬಟ್ಟೆ. ಕೆಂಚೇಶನ ತಲೆಗೆ ಅವ್ವ ಕೊಟ್ಟ ಕೆಂಪು ಟವೆಲ್ಲು.

“ಗುರುತು ಹಾಕಿದ ಮರಿ ಹಂಗೆ ಕಾಣ್ತೀಯ ಬಿಡಲೇ” ಎಂದು ಮಾವ ನಗಾಡಿದ.

ದಾರಿಯಲ್ಲಿ ಪಾಳುಬಿದ್ದ ಪೆಟ್ರೋಲ್ ಬಂಕಿನ ಬಳಿ ಬಸ್ಸು ನಿಂತಿತು. ಬಸ್ಸಿನೊಳಗೆ ಹಿಂದುಗಡೆ ನೆಲದ ಮೇಲೆ ನ್ಯಾಮತಿಯ ಪರಶುರಾಮ್ ಜ್ವರದಲ್ಲಿ ನಡುಗುತ್ತಿದ್ದ. ಕೆಂಚೇಶ್ ಅವನನ್ನು ತನ್ನ ಸೀಟಿನಲ್ಲಿ ಕೂರಿಸಿ, ಟವೆಲ್ಲನ್ನು ಅವನ ತಲೆಗೆ ಸುತ್ತಿ, ನೀರು ತರಲು ಬಂಕಿನ ಹಿಂದಿನ ನಲ್ಲಿಗೆ ಹೋದ. ಮುಂದೆ ಡ್ರೈವರ್ ಪಕ್ಕದಲ್ಲಿದ್ದ ಯರ್ರಿಸ್ವಾಮಿಗೆ ಇದೊಂದೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಗುಂಡಿನ ಸದ್ದು ಹತ್ತಿರವಾಯಿತು. ಜೊತೆಗಿದ್ದ ಅಧಿಕಾರಿ “ಯಜಮಾನರೇ, ಬೇಗ ತಲೆ ಎಣಿಸಿ” ಅಂದರು.

ಅವನು ಎಣಿಸಲಿಲ್ಲ. ಕಣ್ಣಾಡಿಸಿದ. ಕೆಂಪು ಟವೆಲ್ಲು ಕಂಡಿತು.

“ಎಲ್ಲಾ ಅದಾರ್ರೀ ಸಾರ್. ಬಸ್ ಹೊಡೀರಿ.”

ಗಂಟೆ ಕಳೆದ ಮೇಲೆ ಪರಶುರಾಮ್ ಟವೆಲ್ಲು ಸರಿಸಿ, “ಕೆಂಚೇಶ್ ನೀರು ತಂದ್ನೇನ್ರೀ?” ಎಂದ.

ಯರ್ರಿಸ್ವಾಮಿ ಓಡುವ ಬಸ್ಸಿನಿಂದ ಹಾರಲು ಹೋದ. ನಾಲ್ವರು ಹಿಡಿದು ಕೂರಿಸಿದರು. ಹಿಂತಿರುಗುವ ಹಾಗಿರಲಿಲ್ಲ. ಮರುದಿನ ಅದೇ ದಾರಿಯಲ್ಲಿ ಬಂದರಿಗೆ ಬಂದ ಇನ್ನೊಂದು ಬಸ್ಸಿನವರು ಸುದ್ದಿ ತಂದರು: ನಲ್ಲಿಯ ಬುಡದಲ್ಲಿ ಗುಂಡು ತಗುಲಿದ ಹೆಣ, ಕೈಯಲ್ಲಿ ತುಂಬಿದ ಬಾಟಲಿ. ಅಲ್ಲೇ ಮಣ್ಣು ಮಾಡಿದ್ದರಂತೆ.

ಊರಿಗೆ ಬಂದವನನ್ನು ಚಹಾದಂಗಡಿಯ ತಿಪ್ಪೇಶಪ್ಪ ಕೆಣಕಿದ: “ನಲವತ್ತೊಂದು ಜನಾನ ತಂದ ಪುಣ್ಯಾತ್ಮ. ಎಣ್ಸಾಕೆ ಬರ್ತಿರ್ಲಿಲ್ವೇನೋ?”

“ಬರ್ತಿತ್ತು” ಎಂದ ಯರ್ರಿಸ್ವಾಮಿ.

ಕಾಟಮ್ಮ ಅಣ್ಣನನ್ನು ಬೈಯಲಿಲ್ಲ, ಮಾತಾಡಿಸಲೂ ಇಲ್ಲ. ಮೂರು ತಿಂಗಳಾದ ಮೇಲೆ ಪರಶುರಾಮ್ ನ್ಯಾಮತಿಯಿಂದ ಬಂದು, ಒಗೆದು ಮಡಿಸಿದ ಟವೆಲ್ಲನ್ನು ಮುಂದಿಟ್ಟು ಕಾಲಿಗೆ ಬಿದ್ದ. ಆಕೆ ಒಳಗಿನಿಂದ ತುಂಬಿದ ಚೊಂಬು ತಂದಳು.

“ಕುಡಿಯಪ್ಪ. ಇದನ್ನ ತರಾಕೇ ಅಲ್ವಾ ಹೋಗಿದ್ದು.”

ಅವನು ಕುಡಿಯುವವರೆಗೂ ಎದುರಲ್ಲೇ ನಿಂತಿದ್ದಳು.

ಮರುದಿನ ಅಣ್ಣನನ್ನು ಕರೆಸಿದಳು. ಮಂದೆಯ ಮುಂದಾಳು ಟಗರಿನ ಕೊರಳಿಗೆ ಆ ಟವೆಲ್ಲು ಬಿಗಿದು, ಕೋಲನ್ನು ಅವನ ಕೈಗೆ ಕೊಟ್ಟಳು.

“ಕಾಯಣ್ಣಾ. ಇದು ನಿನ್ನ ಕಣ್ಣಿಗೆ ಚೆನ್ನಾಗಿ ಕಾಣ್ತೈತಲ್ಲ.”

ಈಗಲೂ ದಿನವಿಡೀ ಅವನು ಆ ಕೆಂಪಿನ ಹಿಂದೆ ನಡೆಯುತ್ತಾನೆ. ಸಂಜೆ ದೊಡ್ಡಿಯ ಬಾಗಿಲಲ್ಲಿ ಕಾಟಮ್ಮ ನಿಂತಿರುತ್ತಾಳೆ.

“ಎಣ್ಸು” ಅನ್ನುತ್ತಾಳೆ.

ಯರ್ರಿಸ್ವಾಮಿ ಟಗರಿನ ಮೇಲೆ ಕೈಯಿಟ್ಟು, ಒಂದರಿಂದ ಶುರುಮಾಡುತ್ತಾನೆ.