ಒಂಬತ್ತಕ್ಕೆ ಜ್ವಾಲಾಮುಖಿ

ನಮ್ಮ ಶಾಲೆಯ ಭೂಗೋಳದ ಮಾಸ್ತರರ ಮಾತೆಲ್ಲ ಕೈಗಡಿಯಾರ ತಟ್ಟುವುದರಲ್ಲೇ ಮುಗಿಯುತ್ತಿತ್ತು. "ಟೈಮ್ ತಪ್ಪಬಾರದ್ರಿ!" ಪ್ರವಾಸದ ಹಿಂದಿನ ದಿನ ಕರಿಹಲಗೆಯ ತುಂಬ ಬರೆದರು: ಏಳಕ್ಕೆ ಸುರಪುರ ಬಿಡುವುದು, ಎಂಟಕ್ಕೆ ಹೊಸದಾಗಿ ನೀರು ಬಂದ ಕಾಲುವೆಯ ದಂಡೆಯಲ್ಲಿ ಬುತ್ತಿ, ಒಂಬತ್ತಕ್ಕೆ ಜ್ವಾಲಾಮುಖಿ ಏರುವುದು. ಹುಣಸಗಿ ಕಡೆಯ ಬೂದಿಗುಡ್ಡ ಹಿಂದೊಮ್ಮೆ ಬೆಂಕಿ ಉಗುಳಿತ್ತೆಂದು ಅವರು ನಂಬಿದ್ದರು. ಸಹಶಿಕ್ಷಕಿಯಾದ ನಾನೂ ನಂಬಿದ್ದೆ.

ಗುಡ್ಡದ ಮೇಲೆ ಲಾವಾದ ಪಾಠ ಶುರುವಾದಾಗ ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ನಕ್ಕು, ಒಂದು ಹೆಂಟೆ ಎತ್ತಿ ಪುಡಿ ಮಾಡಿದಳು.

"ಇದು ಕುಳ್ಳಿನ ಬೂದಿರಿ. ದಿನಾ ನನ್ನ ಒಲಿಯಾಗ ನೋಡ್ತೇನಿ. ಹಿಂದಿನವ್ರು ಇಲ್ಲಿ ದನ ಕಟ್ಟಿ, ಸಗಣಿ ಸುಟ್ಟಾರ."

"ಗುಡ್ಡ ಆಗುವಷ್ಟ?" ಮಾಸ್ತರರು ಕೇಳಿದರು.

"ಒಂದು ದಿನದ್ದೇನ್ರಿ ಅದು?"

ಮಾಸ್ತರರು ಆ ಪುಡಿಯನ್ನು ಅಂಗೈಯಲ್ಲಿ ಹರಡಿ ನೋಡಿದರು. ಅದರಲ್ಲಿ ಹುಲ್ಲಿನ ಎಳೆಯ ಗುರುತಿತ್ತು. ಮೆಲ್ಲಗೆ ಚಪ್ಪಲಿ ಕಳಚಿದರು.

"ಬರಕೊಳ್ರಿ," ಎಂದು ಮಕ್ಕಳಿಗೆ ಹೇಳಿದರು, "ನಿಮ್ಮ ಮಾಸ್ತರ ತಪ್ಪು ಹೇಳಿದ್ದ."

ಕೆಳಗೆ ಬಸ್ಸು ಹಾರನ್ ಹೊಡೆಯಿತು. ನಾನು ಗಡಿಯಾರ ತೋರಿಸಿದೆ.

"ಇರ್ಲಿ ಬಿಡ್ರಿ," ಎಂದು ಅವರು ಬೂದಿಯ ಮೇಲೆ ಕುಳಿತರು. "ಎಷ್ಟು ತಲಿಮಾರಿನ ದನದ ದೊಡ್ಡಿಯೊಳಗ ಬಂದೇವೋ ಏನೋ. ಇನ್ನೊಂದೀಟು ಕೂಡೋಣು."