ಎರಡನೇ ಭಾಗ ಹ್ಯಾಂಗಿತ್ರಿ?

ಬೀದರಿನ ಒಂದು ಸಣ್ಣ ಕೇಬಲ್ ಚಾನೆಲ್‌ನಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದೆ. ಆ ಮೂರು ವರ್ಷವೂ ಮಳೆ ಕೈಕೊಟ್ಟಿತ್ತು. ಚಾನೆಲ್ ಎಂದರೆ ಹಳೇ ಊರಿನಲ್ಲಿ ಔಷಧಿ ಅಂಗಡಿಯ ಮೇಲಿದ್ದ ಎರಡು ಕೋಣೆ, ಒಂದು ಕ್ಯಾಮೆರಾ, ಕ್ಯಾಸೆಟ್ ಹಾಕುವ ಎರಡು ಯಂತ್ರ, ಮೂರು ಜನ. ಮಾಲೀಕರು, ಮದುವೆಗಳ ವಿಡಿಯೋ ತೆಗೆದು ತೆಗೆದು ಬಲಭುಜ ಇಳಿಬಿದ್ದಿದ್ದ ಹಿರಿಯ ಕ್ಯಾಮೆರಾದವರು, ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನಾನು. ಸಂಜೆ ಅರ್ಧ ಗಂಟೆ ಊರ ಸುದ್ದಿ ಓದುತ್ತಿದ್ದೆ. ಸುದ್ದಿಯ ಮುಕ್ಕಾಲು ಪಾಲು ಯಾವ ಓಣಿಗೆ ಯಾವಾಗ ಟ್ಯಾಂಕರ್ ಬರುತ್ತದೆ ಎಂಬುದೇ. ಹೀಗಾಗಿ ಬಜಾರಿನಲ್ಲಿ ಹೆಂಗಸರು ನನ್ನನ್ನು ಕಂಡರೆ ನಮಸ್ಕಾರದ ಬದಲು, "ನಾಳಿ ನಮ್ಮ ಕಡಿ ಬರ್ತದೇನ್ರಿ?" ಎಂದು ಕೇಳುತ್ತಿದ್ದರು. ಟ್ಯಾಂಕರ್ ನಾನೇ ಓಡಿಸುತ್ತೇನೆ ಎಂಬಂತೆ.

ಒಂದು ಬೇಸಿಗೆ ಸ್ಟೇಷನ್ ಕಡೆಯ ಥಿಯೇಟರಿಗೆ ಹಿಂದಿಗೆ ಡಬ್ ಆದ ಇಂಗ್ಲಿಷ್ ಸಿನೆಮಾ ಬಂತು. ಮೊದಲ ಭಾಗ ಈ ಜಿಲ್ಲೆಯಲ್ಲಿ ಭರ್ಜರಿ ಓಡಿತ್ತು. ಇದು ಎರಡನೆಯದು. ಪ್ರಯೋಗಶಾಲೆಯಲ್ಲಿ ಸೈನಿಕರನ್ನು ತಯಾರಿಸುವ ಕಥೆ. ಸೂಜಿ ಚುಚ್ಚಿದ ಕೂಡಲೇ ಎದೆ ಉಬ್ಬುತ್ತದೆ. ಆಮೇಲೆ ಹಸಿವಿಲ್ಲ, ನೀರಡಿಕೆಯಿಲ್ಲ, ನಿದ್ದೆಯಿಲ್ಲ. ಗುಂಡು ತಗುಲಿದರೆ ಗಾಯ ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ. ಥಿಯೇಟರಿನವರು ನಮ್ಮ ಚಾನೆಲ್‌ಗೆ ಜಾಹೀರಾತು ಕೊಟ್ಟಿದ್ದರು. ಆಟ ಬಿಟ್ಟಾಗ ಬಾಗಿಲಲ್ಲಿ ನಿಂತು ಪ್ರೇಕ್ಷಕರ ಅಭಿಪ್ರಾಯ ಕೇಳಿ ತೋರಿಸಬೇಕು ಎಂಬುದು ಒಪ್ಪಂದ. ಮಾಲೀಕರು ನನಗೆ ಹೇಳಿದ್ದು ಇಷ್ಟೇ: "ಸೂಪರ್ ಅಂದೋರನ್ನ ಇಟ್ಕೋ. ಬ್ಯಾರೆ ಮಾತಾಡಿದ್ರ ಮೈಕ್ ತಗೊಂಡ್ಬಿಡು."

ಮ್ಯಾಟಿನಿ ದಿನವೂ ತುಂಬುತ್ತಿತ್ತು. ಮೊದಲಿಗೆ ನಾನು ಅದು ಸಿನೆಮಾದ ಮಹಿಮೆ ಎಂದುಕೊಂಡಿದ್ದೆ. ಥಿಯೇಟರಿನ ಹಿತ್ತಲ ಬಾವಿ ಇನ್ನೂ ಬತ್ತಿರಲಿಲ್ಲ, ಅಂಗಳದಲ್ಲಿ ಸಾಲಾಗಿ ಕುಡಿಯುವ ನೀರಿನ ಗಡಿಗೆ ಇಟ್ಟಿದ್ದರು, ಒಳಗೆ ಫ್ಯಾನ್ ತಿರುಗುತ್ತಿತ್ತು. ಸಂಜೆಯ ಗಾಡಿಗೆ ಹೊರಟವರು ಗಂಟುಮೂಟೆ ಸಮೇತ ಬಂದು ಮೂರು ತಾಸು ನೆರಳಲ್ಲಿ ಕೂತು ಹೋಗುತ್ತಿದ್ದರು. ಔರಾದ್, ಭಾಲ್ಕಿ ಕಡೆಯ ಹಳ್ಳಿಗಳಿಂದ ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟವರು. ಪರದೆಯ ಮೇಲೆ ಏನು ನಡೆಯಿತೆಂದು ಅರ್ಧ ಜನಕ್ಕೆ ಗೊತ್ತೇ ಇರುತ್ತಿರಲಿಲ್ಲ, ನಿದ್ದೆ ತೆಗೆದಿರುತ್ತಿದ್ದರು.

ಆದರೂ ಕೇಳಿದರೆ ಎಲ್ಲರಿಗೂ ಅಭಿಪ್ರಾಯವಿತ್ತು. ಕಮಲನಗರದ ಒಬ್ಬ ಅಡತಿ ವ್ಯಾಪಾರಿ ಅರ್ಧ ಮರಾಠಿಯಲ್ಲಿ, "ಪಹಿಲಾ ಚಾಂಗಲಾ ಹೋತಾ, ಮೊದಲಿಂದು ಛಲೋ ಇತ್ತು. ಇದರಾಗ ಬರೇ ಧಡಾಧಡ್, ಕಥಿನೇ ಇಲ್ಲ" ಎಂದರು. ಕಾಲೇಜಿನ ಉಪನ್ಯಾಸಕರೊಬ್ಬರು ಮೊದಲ ಭಾಗದಲ್ಲಿ ಸೈನಿಕನಿಗೆ ಮನೆಯ ನೆನಪು ಬರುತ್ತಿತ್ತು, ಈ ಸಲ ಅದನ್ನೇ ತೆಗೆದುಹಾಕಿದ್ದಾರೆ ಎಂದು ಬೇಜಾರು ಮಾಡಿಕೊಂಡರು. ತಲೆಯ ಮೇಲೆ ಹಿತ್ತಾಳೆ ಕೊಡ ಇಟ್ಟುಕೊಂಡ ಒಬ್ಬ ಅಜ್ಜಿ ನನ್ನ ಮೈಕನ್ನೇ ಹಿಡಿದು ಕೇಳಿದಳು: "ಆ ಹುಡುಗ್ರು ಒಂದ್ ಸಲಾನೂ ಉಣ್ಲಿಲ್ಲಲ್ಲವ್ವ, ಅವ್ರಿಗಿ ಹೆತ್ತಾಕಿ ಯಾರೂ ಇಲ್ಲೇನು?" ಇವು ಯಾವುವೂ ಟಿ.ವಿ.ಯಲ್ಲಿ ಬರಲಿಲ್ಲ. "ಸೂಪರ್, ಫೈಟಿಂಗ್ ಸೂಪರ್" ಎಂದವರು ಬಂದರು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅವನು ಸಿಕ್ಕ. ತೆಳ್ಳಗೆ ಎತ್ತರಕ್ಕಿದ್ದ. ಇಸ್ತ್ರಿ ಮಾಡಿದ ತಿಳಿ ಹಸಿರು ಅಂಗಿ, ಹೆಗಲಿಗೆ ಕಪ್ಪು ಚೀಲ. ಉಳಿದವರ ಹಾಗೆ ತಪ್ಪಿಸಿಕೊಂಡು ಹೋಗಲಿಲ್ಲ. ಗೇಟಿನ ಪಕ್ಕ ನಿಂತು ನಾನು ಕರೆಯುವುದನ್ನೇ ಕಾಯುತ್ತಿದ್ದ.

"ಎರಡನೇ ಭಾಗ ಹ್ಯಾಂಗಿತ್ರಿ?" ಎಂದೆ.

"ಇದು ಬೀದರದಾಗ ಅಷ್ಟೇ ಬರ್ತದಲ್ರಿ, ಮೇಡಂ?"

"ಹೂಂ, ಬೀದರದಾಗ ಅಷ್ಟೇ."

ಭಾಲ್ಕಿ ಮತ್ತು ಔರಾದಿನ ಕೇಬಲ್‌ನವರು ವಾರಕ್ಕೊಮ್ಮೆ ನಮ್ಮಿಂದ ಕ್ಯಾಸೆಟ್ ತರಿಸಿಕೊಳ್ಳುತ್ತಿದ್ದರು. ಬಸ್ ಡ್ರೈವರನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದವಳು ನಾನೇ. ಆ ಕ್ಷಣಕ್ಕೆ ಅದು ನೆನಪಾಗಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನೆನಪಾಗಿತ್ತೋ ಏನೋ. ಮಾತಾಡಲು ಬರುವ ಒಬ್ಬ ಸಿಕ್ಕಿದ್ದ, ಅವನು ಹೊರಟುಹೋಗಬಾರದು ಎಂಬುದಷ್ಟೇ ನನಗೆ ಬೇಕಿತ್ತು.

ಅವನು ಚೆನ್ನಾಗಿಯೇ ಮಾತಾಡಿದ. "ಮೊದಲನೇದು ನಾ ಭಾಲ್ಕಿಯಾಗ ಏಳು ಸಲ ನೋಡೇನ್ರಿ. ಅದರಾಗ ಆ ಸೈನಿಕ ಓಡ್ತಿದ್ದ, ಬೀಳ್ತಿದ್ದ, ಮತ್ತ ಎದ್ದು ಓಡ್ತಿದ್ದ. ಇದರಾಗ ತಕಲೀಫೇ ಇಲ್ರಿ. ಸೂಜಿ ಚುಚ್ಚಿದ್ರು, ಎದಿ ಉಬ್ಬಿತು, ಸೈನಿಕ ಆದ." ಅಲ್ಲಿ ಸ್ವಲ್ಪ ನಿಂತು ನಕ್ಕ. "ನಾ ಮಿಲಿಟರಿ ಭರ್ತಿಗಿ ಮೂರು ಸಲ ಹೋಗೇನಿ. ಓಟದಾಗ ಮುಂದ, ಪರೀಕ್ಷಾದಾಗ ಪಾಸು. ಮೂರೂ ಸಲ ಎದಿ ಒಂದ್ ಇಂಚು ಕಮ್ಮಿ ಬಂತ್ರಿ. ನನಗೂ ಅಂಥಾದೊಂದು ಸೂಜಿ ಚುಚ್ಚಿದ್ರ ಆಗ್ತಿತ್ತಲ್ರಿ!"

ನಾನು ನಕ್ಕೆ. ಸುತ್ತ ನಿಂತವರೂ ನಕ್ಕರು. ಕ್ಯಾಮೆರಾದವರು ಕಿಂಡಿಯಿಂದ ಕಣ್ಣು ತೆಗೆಯದೆಯೇ ಹೆಬ್ಬೆರಳೆತ್ತಿ ತೋರಿಸಿದರು.

"ಈಗ ಎಲ್ಲಿಗಿ ಹೊಂಟೀರಿ?" ಎಂದೆ.

"ಸಂಜಿ ಗಾಡಿಗಿ ಹೊಂಟೇನ್ರಿ..." ಎಂದ. ಇನ್ನೂ ಏನೋ ಹೇಳುವುದಿತ್ತು. ನನಗೆ ಬೇಕಾದ್ದು ಸಿಕ್ಕಿಬಿಟ್ಟಿತ್ತು. "ಸಾಕ್ರಿ, ಧನ್ಯವಾದ" ಎಂದು ಮೈಕನ್ನು ಪಕ್ಕದವನ ಬಾಯಿಗೆ ಹಿಡಿದೆ.

ಮಾಲೀಕರಿಗೆ ಆ ಸೂಜಿಯ ಮಾತು ಎಷ್ಟು ಹಿಡಿಸಿತೆಂದರೆ ಅದೊಂದನ್ನೇ ಕತ್ತರಿಸಿ ಜಾಹೀರಾತಿನ ಹಾಗೆ ಅರ್ಧ ಗಂಟೆಗೊಮ್ಮೆ ಹಾಕಿಸಿದರು. ಎರಡೇ ದಿನದಲ್ಲಿ ಹುಡುಗರು ಚೌಬಾರಾ ಗೋಪುರದ ಹತ್ತಿರ ಒಬ್ಬರನ್ನೊಬ್ಬರು ತಿವಿದು, "ನನಗೂ ಒಂದು ಸೂಜಿ" ಅನ್ನತೊಡಗಿದರು. ನಾನು ಆಡಿಸಿದ ಮಾತು ಊರಿನ ಬಾಯಲ್ಲಿ ಓಡಾಡುತ್ತಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ. ವಾರದ ಕ್ಯಾಸೆಟ್‌ನಲ್ಲಿ ಅದೂ ಸೇರಿ ಭಾಲ್ಕಿಗೆ, ಔರಾದಿಗೆ ಹೋಯಿತು.

ಹತ್ತು ದಿನದ ಮೇಲೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಹತ್ತಿ ಸೀರೆ, ಕೈಯಲ್ಲಿ ಟಿಫಿನ್ ಚೀಲ. ಚಿಂತಾಕಿಯ ಸಾಲಿಯಲ್ಲಿ ಮಾಸ್ತರಿಣಿ, ಔರಾದಿನಲ್ಲಿ ಬಾಡಿಗೆ ಮನೆ. ಒಂದು ದಿನ ರಜೆ ಹಾಕಿ ಬಂದಿದ್ದಳು. ಟ್ಯಾಂಕರ್ ವಿಚಾರವೇ ಇರಬೇಕೆಂದು ನಾನು ಅದರ ವಿವರ ಬರೆದಿಡುವ ವಹಿ ತೆಗೆದೆ.

"ಅದಲ್ರಿ," ಎಂದಳು. "ಟೀವಿನಾಗ ಸೂಜಿ ಅಂತ ಮಾತಾಡ್ತಾನಲ್ರಿ, ಅವ ನನ್ನ ತಮ್ಮ."

ನಾನು ನಗುತ್ತ, "ಭಾಳ ಛಂದ ಮಾತಾಡ್ಯಾನ್ರಿ ನಿಮ್ಮ ತಮ್ಮ" ಎಂದೆ. ಅವಳು ನಗಲಿಲ್ಲ. ಕುರ್ಚಿಯಲ್ಲೂ ಕೂಡಲಿಲ್ಲ.

"ಅವ ಮಿಲಿಟರಿಗಿ ಸೆಲೆಕ್ಟ್ ಆಗೇನಿ ಅಂತ ಹೇಳಿ ಮನಿಂದ ಹೋಗ್ಯಾನ್ರಿ. ಟ್ರೇನಿಂಗ್ ಅದ, ಆರು ತಿಂಗಳು ಫೋನ್ ಮಾಡ್ಲಿಕ್ಕಿ ಬಿಡಂಗಿಲ್ಲ ಅಂದ. ಅವ್ವ ಓಣಿಗೆಲ್ಲಾ ಪೇಢೆ ಹಂಚ್ಯಾಳ. ನಮ್ಮೂರು ಭಾತಂಬ್ರಾದಾಗ ಬುದ್ಧ ವಿಹಾರದ ಮುಂದ ಹಾರ ಹಾಕಿ ಕಳಿಸ್ಯಾರ್ರಿ. ನಾನೇ ಅಂಗಿ ಹೊಲಸಿ ಕೊಟ್ಟೇನಿ."

ತಿಳಿ ಹಸಿರು ಅಂಗಿ. ಕ್ಯಾಮೆರಾದವರು ಮೆಲ್ಲಗೆ ಎದ್ದು ಬಾಗಿಲು ಮುಂದೆ ಮಾಡಿದರು.

"ಭಾಲ್ಕಿ ಕೇಬಲ್ ನಮ್ಮ ಊರಿಗೂ ಬರ್ತದ್ರಿ. ಇಡೀ ಊರು ನೋಡ್ಯಾದ. ಅವ್ವ ನೀರಿಗಿ ಹೋದ್ರ ಕೊಡದ ಸಾಲಿನಾಗ ಹೆಣ್ಮಕ್ಕಳು ಸುಮ್ಮ ಆಗ್ತಾರಂತ. ಆಕಿ ಈಗ ಹೊರಗೇ ಹೋಗಂಗಿಲ್ಲ. ಪಕ್ಕದ ಮನಿ ಹುಡುಗಿ ನೀರು ತಂದು ಹಾಕ್ತಾಳ." ಅಷ್ಟು ಹೇಳಿ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಸುಳ್ಳು ಹೇಳಿದ್ದು ಅವಂದೇ ತಪ್ಪದ್ರಿ. ನಾ ಜಗಳಕ್ಕ ಬಂದಿಲ್ಲ. ಅವ ಎಲ್ಲಿಗಿ ಹೊಂಟಿದ್ದ ಅಂತ ನಿಮ್ಮ ಮುಂದ ಏನರ ಹೇಳ್ಯಾನೇನು, ಅಷ್ಟ ಕೇಳ್ಬೇಕಿತ್ತು."

ಮೂಲ ಕ್ಯಾಸೆಟ್ ಇನ್ನೂ ಇತ್ತು. ಯಂತ್ರಕ್ಕೆ ಹಾಕಿ ಮುಂದಕ್ಕೆ ಓಡಿಸಿದೆ. ಅಡತಿಯವರು, ಉಪನ್ಯಾಸಕರು, ಅಜ್ಜಿ ಒಬ್ಬರ ಹಿಂದೊಬ್ಬರು ಓಡಿಹೋದರು. ಅವನು ಬಂದ. ಬೀದರದಾಗ ಅಷ್ಟೇ ಬರ್ತದಲ್ರಿ ಎಂದ. ನನ್ನ ದನಿ ಹೂಂ ಎಂದಿತು. ಅದನ್ನು ಅವಳು ಕೇಳಿಸಿಕೊಂಡಳು, ನನ್ನ ಕಡೆ ನೋಡಲಿಲ್ಲ. ಸಂಜೆಯ ಗಾಡಿಗೆ ಹೊರಟೆ ಎಂದ. ಅಷ್ಟರಲ್ಲಿ ನನ್ನದೇ ಕೈ ಬಳೆ ಸಮೇತ ಅವನ ಮುಖಕ್ಕೆ ಅಡ್ಡ ಬಂತು. ಅವನ ಬಾಯಿ ಇನ್ನೂ ತೆರೆದೇ ಇತ್ತು.

"ಇನ್ನೊಂದ್ ಸಲ ಹಾಕ್ರಿ," ಎಂದಳು.

ನಾಲ್ಕು ಸಲ ಹಾಕಿದೆ. ಕೊನೆಯ ಸಲ ಅವಳು ಪರದೆಗೆ ಹತ್ತಿರ ಹೋಗಿ, "ಚೀಲದಾಗ ಕಂಬಳಿ ಅದ. ಉಬ್ಬೇದ ನೋಡ್ರಿ," ಎಂದಳು. ಕಂಬಳಿ ಒಯ್ದಿದ್ದಾನೆ ಎಂಬುದರಲ್ಲಿ ಅವಳಿಗೆ ಏನೋ ಸಮಾಧಾನವಿತ್ತು.

ಅಂದು ಸಂಜೆ ನಾನು ಅವಳ ಜೊತೆ ಸ್ಟೇಷನ್ನಿಗೆ ಹೋದೆ. ಹೋಗಿ ಮಾಡುವುದೇನು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಸಂಜೆ ಎರಡು ಗಾಡಿಗಳಿದ್ದವು. ಒಂದು ಹೈದರಾಬಾದಿನ ಕಡೆ, ಇನ್ನೊಂದು ಭಾಲ್ಕಿ, ಕಮಲನಗರದ ಮೇಲೆ ಮಹಾರಾಷ್ಟ್ರದ ಕಡೆ. ಎರಡಕ್ಕೂ ಒಂದೇ ನೂಕುನುಗ್ಗಲು. ಗಡಿಗೆ, ಹಾಸಿಗೆ, ಕೋಳಿ, ಕೂಸು. ಚಹಾದವನಿಗೆ ಹಸಿರಂಗಿ, ಕಪ್ಪು ಚೀಲ ಎಂದೆ. ಅವನು ಪ್ಲಾಟ್‌ಫಾರಂ ತೋರಿಸಿ, "ನೀವೇ ನೋಡ್ರಿ ಅಕ್ಕಾ, ದಿನಾ ಇಷ್ಟು ಮಂದಿ" ಎಂದ. ನಿಜವಾಗಿಯೂ ಅಲ್ಲಿ ಹಸಿರಂಗಿಯ ಹುಡುಗರೇ ಐದಾರು ಜನ ಇದ್ದರು. ಪ್ರತಿಯೊಬ್ಬನ ಮುಖವನ್ನೂ ಅವಳು ನೋಡಿದಳು.

ಮಾಲೀಕರು ಮರುದಿನವೇ ಬೀದರಿನಲ್ಲಿ ಆ ಸೂಜಿಯ ತುಣುಕನ್ನು ನಿಲ್ಲಿಸಿದರು. ಅವರೂ ಹೆಣ್ಣುಮಕ್ಕಳ ತಂದೆ. ಔರಾದಿನವರು ಫೋನ್ ಮಾಡಿದ ತಕ್ಷಣ ಕ್ಯಾಸೆಟ್ ವಾಪಸ್ ಕಳಿಸಿದರು. ಭಾಲ್ಕಿಯಾತ ಮಾತ್ರ ಬಗ್ಗಲಿಲ್ಲ. ರವಿವಾರ ನಾನೇ ಹೋದೆ. ಅವನು ಒರಟನೇನಲ್ಲ, ನೀರು ಕೊಟ್ಟು, ಕುರ್ಚಿ ಹಾಕಿ ಕೂಡಿಸಿದ. "ಮಂದಿ ಕೇಳ್ತಾರ್ರಿ ಮೇಡಂ. ಈ ಬರದಾಗ ನಗ್ಲಿಕ್ಕಿ ಬ್ಯಾರೆ ಏನದ ಹೇಳ್ರಿ?" ಎಂದ. ಹುಡುಗನ ಮನೆಯ ಸಂಗತಿಯನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಇಳಿಯಿತು. ಕ್ಯಾಸೆಟ್ ಕೊಟ್ಟ. ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದರೆ ಅಲ್ಲಿ ಹಮಾಲನೊಬ್ಬ ಮೂಟೆ ಎತ್ತಲಾರದೆ ಕೆಳಗಿಟ್ಟ. ಜೊತೆಯವನು ಬೆನ್ನು ಚಪ್ಪರಿಸಿ, "ಸೂಜಿ ಬೇಕೇನಲೇ?" ಎಂದ. ಅಲ್ಲಿದ್ದವರೆಲ್ಲ ನಕ್ಕರು. ನಾನು ಬಸ್ಸಿನ ಬೋರ್ಡು ಓದುತ್ತ ನಿಂತೆ.

ನನಗೆ ಉಳಿದಿದ್ದ ಒಂದೇ ಉಪಾಯವೆಂದರೆ ಟಿ.ವಿ. "ಎಲ್ಲಿದ್ದರೂ ಬಾ, ಯಾರೂ ಏನೂ ಅನ್ನುವುದಿಲ್ಲ" ಎಂದು ಒಂದು ಪ್ರಕಟಣೆ ಓದಬಹುದಿತ್ತು. ಬರೆದೂ ಇಟ್ಟಿದ್ದೆ. ಅವನ ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ.

"ಬ್ಯಾಡ್ರಿ ಮೇಡಂ," ಎಂದಳು. "ನಿಮಗ ಕೈ ಮುಗಿತೇನಿ, ಅವನ್ನ ಮತ್ತ ಟೀವಿನಾಗ ತರಬ್ಯಾಡ್ರಿ."

ಆ ಹಾಳೆಯನ್ನು ಹರಿದೆ. ಆಮೇಲೆ ನಾನು ಮಾಡಬಹುದಾದದ್ದು ಏನೂ ಉಳಿಯಲಿಲ್ಲ. ಪ್ರತಿ ಸಂಜೆ ಟ್ಯಾಂಕರ್ ಸುದ್ದಿ ಓದುವಾಗ, ಅವನು ಎಲ್ಲಾದರೂ ನೋಡುತ್ತಿರಬಹುದೇ ಎಂದು ಯೋಚಿಸುತ್ತಿದ್ದೆ. ನೋಡುವಂತಿರಲಿಲ್ಲ, ನಮ್ಮ ಚಾನೆಲ್ ಜಿಲ್ಲೆ ದಾಟುತ್ತಿರಲಿಲ್ಲ. ಥಿಯೇಟರಿಗೆ ಬೇರೆ ಸಿನೆಮಾಗಳು ಬಂದವು. ಅಭಿಪ್ರಾಯ ಕೇಳಲು ಹೋಗುವುದಿಲ್ಲ ಎಂದೆ. ಮಾಲೀಕರು ಒತ್ತಾಯ ಮಾಡಲಿಲ್ಲ, ಕ್ಯಾಮೆರಾದವರೇ ಒಂದು ಕೈಯಲ್ಲಿ ಮೈಕ್ ಹಿಡಿದು ನಿಭಾಯಿಸಿದರು.

ಮಳೆಗಾಲದ ಹೊತ್ತಿಗೆ ಅಕ್ಕನ ಫೋನ್ ಬಂತು. ಅವನು ಸಾಲಿಯ ಪಕ್ಕದ ಎಸ್.ಟಿ.ಡಿ. ಬೂತಿಗೆ ಫೋನ್ ಮಾಡಿದ್ದನಂತೆ. ಯಾವ ಊರು ಎಂದು ಹೇಳಲಿಲ್ಲ. ದೊಡ್ಡ ಕಟ್ಟಡವೊಂದರಲ್ಲಿ ವಾಚ್‌ಮನ್, ಊಟಕ್ಕೆ ತೊಂದರೆಯಿಲ್ಲ ಎಂದಷ್ಟೇ ಹೇಳಿದನಂತೆ.

"ಕಡೀಗಿ ಅವ ಕೇಳ್ದ ನೋಡ್ರಿ, ಊರಾಗ ನೋಡ್ಯಾರೇನಕ್ಕಾ ಅಂತ." ಅವಳ ದನಿ ಅಲ್ಲಿ ಸಣ್ಣದಾಯಿತು. "ಇಲ್ಲ ಅನ್ಬೇಕಂದೆ. ಬಾಯಿಗಿ ಬರ್ಲಿಲ್ರಿ. ನಾ ಸುಮ್ಮ ನಿಂತಿದ್ದಕ್ಕೇ ಅವನಿಗಿ ತಿಳೀತು. ಫೋನ್ ಇಟ್ಟುಬಿಟ್ಟ."

ಆಮೇಲೆ ಅವಳೇ, "ಸಾಲಿ ಗಂಟಿ ಆಯ್ತ್ರಿ" ಎಂದಳು.

ಮರುವರ್ಷ ಮದುವೆಯಾಗಿ ನಾನು ಚಾನೆಲ್ ಬಿಟ್ಟೆ. ಅದಾಗಿ ಎರಡು ವರ್ಷಕ್ಕೆ ಔರಾದಿನ ಬಸ್‌ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಳು. ಗುರುತು ಹಿಡಿದು ತಾನೇ ಬಂದು ಮಾತಾಡಿಸಿದಳು. ಅವ್ವನಿಗೆ ಕಾಮಾಲೆ ಆದಾಗ ತಮ್ಮ ಬಂದಿದ್ದನಂತೆ. ನಸುಕಿನಲ್ಲಿ ಬಸ್ಸಿಳಿದು, ಹಿತ್ತಲ ಬಾಗಿಲಿನಿಂದ ಮನೆ ಹೊಕ್ಕು, ನಾಲ್ಕು ದಿನ ಅವ್ವನ ಕಾಲ ಬಳಿ ಕೂತಿದ್ದು, ಹೊರಗೆ ಕಾಲಿಡದೆ ಹಾಗೇ ತಿರುಗಿ ಹೋದನಂತೆ. ಗೆಳೆಯರು ಬಾಗಿಲಿಗೆ ಬಂದು ಕರೆದರೂ ಓಗೊಡಲಿಲ್ಲವಂತೆ.

"ಊರಾಗ ಈಗ ಎಲ್ಲಾರೂ ಮರ್ತಾರ್ರಿ," ಎಂದಳು. "ಖರೇನೇ ಮರ್ತಾರ. ಅವನಿಗಿ ಹ್ಯಾಂಗ ಹೇಳ್ಬೇಕು?"

ಚಿಂತಾಕಿಯ ಬಸ್ಸು ಬಂತು. ಆಕೆ ಕಿಟಕಿಯ ಪಕ್ಕ ಜಾಗ ಹಿಡಿದು ಕೂತು, ನನ್ನ ಮಕ್ಕಳೆಷ್ಟು, ಯಾವ ಸಾಲಿ ಎಂದು ವಿಚಾರಿಸಿದಳು. ಒಬ್ಬಳೇ ಮಗಳು, ಇನ್ನೂ ಸಾಲಿಗೆ ಹಾಕಿಲ್ಲ ಎಂದೆ.